ಬೋಟಿನ ಕಿಟಕಿ ಸೋರಿಕೆ: ಎಲ್ಲಿಗೆ ಯಾವ ಸೀಲಂಟ್? (ಪ್ರಶ್ನೋತ್ತರ)

ಅಡ್ಮಿನ್: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಬೋಟು ದಡಕ್ಕೆ ಹತ್ತುವ ಮೊದಲು ಕ್ಯಾಬಿನ್ ಕಿಟಕಿ ಸರಿ ಮಾಡ್ಕೊಳ್ಳುವವರು ಇಲ್ಲೇ ಕೇಳಿ. ಫೈಬರ್ ಕೆಲಸದ ಮೇಸ್ತ್ರಿಗಳು ಉತ್ತರ ಕೊಡ್ತಾರೆ. ಮೂರು ವಿಷಯ ತಪ್ಪದೆ ಬರೆಯಿರಿ: ಗಾಜೋ ಅಕ್ರಿಲಿಕ್ಕೋ (ಗಾಜಿನಂಥ ಪ್ಲಾಸ್ಟಿಕ್), ಫ್ರೇಮ್ ಯಾವುದು, ಹಿಂದೆ ಯಾವ ಸೀಲಂಟ್ (ಸೋರಿಕೆ ತಡೆಯುವ ಅಂಟು) ಹಚ್ಚಿದ್ದೀರಿ.

ಬೈತಖೋಲ, ಟ್ರಾಲರ್ ಮಾಲೀಕ: ಮೇಸ್ತ್ರಿಗಳೇ ನಮಸ್ಕಾರ. ಮುಂದಿನ ಗಾಜು, ಅಲ್ಯೂಮಿನಿಯಂ ಫ್ರೇಮ್. ಅಂಗಡಿಯವರು ಕೊಟ್ಟ ಸಿಲಿಕಾನ್ ವಿನೆಗರ್ ವಾಸನೆ ಬರ್ತದೆ. ಹಚ್ಚಬಹುದಾ?

ಮೇಸ್ತ್ರಿ: ನಮಸ್ಕಾರ. ಬೇಡ. ಅದು ಒಣಗುವಾಗ ಆಮ್ಲ ಬಿಡ್ತದೆ. ಗಾಜಿಗೆ ಚೆನ್ನಾಗೇ ಹಿಡಿದರೂ ಅಲ್ಯೂಮಿನಿಯಂ ತಿಂದು ಬಿಳಿ ಪುಡಿ ಮಾಡ್ತದೆ, ಆ ಪುಡಿ ಸಮೇತ ಸೀಲಂಟ್ ಎದ್ದು ಬರ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ತದಡಿ, ತಾಂಡೇಲ (ಬೋಟು ನಡೆಸುವವರು): ಸರಿಯುವ ಕಿಟಕಿ. ಕೆಳಗಿನ ಪಟ್ಟಿಯಲ್ಲಿ ನೀರು ತುಂಬಿ ಒಳಗೆ ಸುರೀತದೆ. ಸುತ್ತ ಎರಡು ಸಲ ಸಿಲಿಕಾನ್ ಹೊಡೆದಾಯ್ತು.

ಮೇಸ್ತ್ರಿ: ಕೆಳಪಟ್ಟಿಯ ಹೊರಬದಿಗೆ ನೀರು ಹೋಗುವ ಸಣ್ಣ ತೂತುಗಳಿರ್ತವೆ. ಅದನ್ನೇ ನೀವು ಮುಚ್ಚಿದ್ದೀರಿ. ಕೆರೆದು ತೆಗೆದು, ಉಪ್ಪು ಕಟ್ಟಿದ್ದನ್ನು ಸಿಹಿ ನೀರಲ್ಲಿ ತೊಳೆಯಿರಿ.

ಹೊನ್ನಾವರ, ಪ್ರವಾಸಿ ಬೋಟಿನವರು: ನಮ್ಮದು ಶರಾವತಿಯಲ್ಲಿ ಓಡುವ ಫೈಬರ್ ಬೋಟು. 6 ಮಿ.ಮೀ. ಅಕ್ರಿಲಿಕ್, 900×450, ಒಂದು ಬದಿಗೆ ಮೂರು. ಫ್ರೇಮ್ ಇಲ್ಲ, ನೇರ ಸ್ಕ್ರೂ. ಎರಡು ವರ್ಷ ಸಿಲಿಕಾನ್ ಹಚ್ಚಿದ್ದೇವೆ, ಹಚ್ಚುವ ಮೊದಲು ಥಿನ್ನರಲ್ಲಿ ಒರೆಸಿದ್ದೆವು. ಈಗ ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕು. ನೀರು ಕಿಟಕಿ ಕೆಳಗೆ ಅಲ್ಲ, ಅರ್ಧ ಮೀಟರ್ ಆಚೆ ಸ್ವಿಚ್ ಪ್ಯಾನೆಲ್ ಹಿಂದೆ ಹನೀತದೆ. ಯಾವ ಸೀಲಂಟ್ ತರಲಿ?

ಮೇಸ್ತ್ರಿ: ಸೀಲಂಟ್ ತರುವ ಮೊದಲು ಆ ಪ್ಯಾನೆಲ್ಲಿಗೆ ಹೋಗುವ ಮೇನ್ ಸ್ವಿಚ್ ಇವತ್ತೇ ಆಫ್ ಮಾಡಿ. ಬೋಟು ನೀರಲ್ಲಿದ್ದರೆ ಬಿಲ್ಜ್ (ಬೋಟಿನ ತಳದಲ್ಲಿ ನೀರು ಸೇರುವ ಜಾಗ) ಪಂಪಿನ ಲೈನ್ ಬೇರೆ ಇದೆಯಾ ನೋಡಿಕೊಂಡು ಮಾಡಿ. ಪಂಪ್ ನಿಲ್ಲಬಾರದು.

ನಿಮ್ಮದನ್ನು ಓದಿ ನನಗೆ ಹೆದರಿಕೆ ಆದದ್ದು ಆ ಅರ್ಧ ಮೀಟರಿಗೆ. ಫೈಬರಿನ ಎರಡು ಪದರದ ನಡುವೆ ಪ್ಲೈವುಡ್ ಇದ್ದರೆ, ಸ್ಕ್ರೂ ತೂತಿಂದ ನೀರು ಅದರೊಳಗೆ ಇಳಿದು ಆಚೆ ಹೊರಟಿರುವ ಸಾಧ್ಯತೆ ಹೆಚ್ಚು. ಸ್ಕ್ರೂಡ್ರೈವರ್ ಹಿಡಿಕೆಯಿಂದ ಕಿಟಕಿ ಸುತ್ತ ತಟ್ಟುತ್ತ ಬನ್ನಿ. ಗಟ್ಟಿ ಇದ್ದಲ್ಲಿ ಟಣ್ ಅನ್ನಬೇಕು. ದಬ್ ದಬ್ ಅಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿ ತಂತಿ ಹಾದಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಳಗಡೆಯಿಂದ ಮಾತ್ರ 3 ಮಿ.ಮೀ. ತೂತು ಹಾಕಿ. ಹೊರಪದರ ಮುಟ್ಟದ ಹಾಗೆ ಡ್ರಿಲ್ ಬಿಟ್ಟಿಗೆ 10 ಮಿ.ಮೀ.ಯಲ್ಲಿ ಟೇಪ್ ಸುತ್ತಿ. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಬಚಾವ್. ಬಿಟ್ಟಿಗೆ ಮೆತ್ತುವ ಕಪ್ಪು ಹಿಟ್ಟು ಬಂದರೆ ಮರ ಕೊಳೆತಿದೆ, ಆಮೇಲೆ ಯಾವ ಟ್ಯೂಬ್ ಹಚ್ಚಿದರೂ ಸ್ಕ್ರೂ ಹಿಡಿಯುವುದಿಲ್ಲ.

ಮರ ಗಟ್ಟಿ ಇದ್ದರೂ ಕಿಟಕಿ ಕತ್ತರಿಸಿದ ಅಂಚಿನಲ್ಲಿ ಪ್ಲೈವುಡ್ಡನ್ನು 15-20 ಮಿ.ಮೀ. ಒಳಗೆ ಕೆತ್ತಿ, ಪೂರ್ತಿ ಒಣಗಿಸಿ, ಒಂದು ಕೈ ಬರೀ ಎಪಾಕ್ಸಿ ಕುಡಿಸಿ. ಮೇಲೆ ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ ತುಂಬಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ. ಸಾದಾ ಪಾಲಿಯೆಸ್ಟರ್ ರೆಸಿನ್ ಬೇಡ, ಮರಕ್ಕೆ ಅದರ ಹಿಡಿತ ಕಡಿಮೆ.

ಬಿರುಕು ಬಿಟ್ಟ ಅಕ್ರಿಲಿಕ್ ಬದಲಿಸಿ. ಅದನ್ನು ಒಡೆದದ್ದು ಥಿನ್ನರ್ ಮತ್ತು ಬಿಗಿ ಸ್ಕ್ರೂ. ಒಂದು ಮೀಟರ್ ಅಕ್ರಿಲಿಕ್ 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿ.ಮೀ. ಉದ್ದ ಆಗ್ತದೆ, ಫೈಬರ್ ಅದರ ಅರ್ಧವೂ ಇಲ್ಲ. ಸರಿಯಲಿಕ್ಕೆ ಜಾಗ ಇಲ್ಲದಿದ್ದರೆ ಸ್ಕ್ರೂ ಹತ್ತಿರವೇ ಸೀಳ್ತದೆ. 8 ಮಿ.ಮೀ. ಕಾಸ್ಟ್ (ಅಚ್ಚಿಗೆ ಎರೆದು ಮಾಡಿದ) ಅಕ್ರಿಲಿಕ್ ತನ್ನಿ. 5 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ತೂತು, ಚಪ್ಪಟೆ ತಳದ ತಲೆ, ಕೆಳಗೆ ಅಗಲ ವಾಷರ್. ಓರೆ ತಲೆಯ ಸ್ಕ್ರೂ ಹಾಕಿದರೆ ಅದು ಬೆಣೆಯಂತೆ ಸೀಳ್ತದೆ.

ಹಳೇ ಸಿಲಿಕಾನನ್ನು ಮೊದಲು ಪ್ಲಾಸ್ಟಿಕ್ ಬ್ಲೇಡಲ್ಲಿ ಪೂರ್ತಿ ಕೆರೆಯಿರಿ, ಆಮೇಲೆ 80 ನಂಬರ್ ಮರಳು ಕಾಗದದಲ್ಲಿ ಉಜ್ಜಿ. ಉಲ್ಟಾ ಮಾಡಿದರೆ ಸಿಲಿಕಾನನ್ನು ಫೈಬರಿಗೆ ಉಜ್ಜಿ ಕೂರಿಸಿದ ಹಾಗೆ. ಉಜ್ಜಿದ ಜಾಗಕ್ಕೆ ನೀರು ಚಿಮುಕಿಸಿ ನೋಡಿ. ಹಾಳೆಯಂತೆ ಹರಡಬೇಕು. ಕೆಸುವಿನೆಲೆ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಸಿಲಿಕಾನ್ ಇನ್ನೂ ಇದೆ, ಅದರ ಮೇಲೆ ಪಿಯು (ಪಾಲಿಯುರೆಥೇನ್ ಸೀಲಂಟ್) ಹಿಡಿಯುವುದೇ ಇಲ್ಲ.

ಇನ್ನು ಸೀಲಂಟ್. ಅಕ್ರಿಲಿಕ್ ಕೂರಿಸಲಿಕ್ಕೆ ಅಂತಲೇ ಬರುವ ಪಿಯು, ಅದೇ ಕಂಪನಿಯ ಪ್ರೈಮರ್ ಜೊತೆ. ಅಕ್ರಿಲಿಕ್ ಮೂಲಕ ಬಿಸಿಲು ಬಿದ್ದು ಅಂಟು ಸಾಯದಂತೆ ಅಂಚಿಗೆ ಕಪ್ಪು ಪಟ್ಟಿ. ಇಲ್ಲವಾದರೆ ನ್ಯೂಟ್ರಲ್ ಗ್ಲೇಜಿಂಗ್ ಸಿಲಿಕಾನ್. ಪಾಲಿಸಲ್ಫೈಡ್ ಸೀಲಂಟ್ ಅಕ್ರಿಲಿಕ್ಕಿಗೂ ಪಾಲಿಕಾರ್ಬೊನೇಟಿಗೂ ಮುಟ್ಟಿಸಲೇಬೇಡಿ, ಬಿರುಕು ಬಿಡಿಸ್ತದೆ. ಅಲ್ಲಲ್ಲಿ 3 ಮಿ.ಮೀ. ದಪ್ಪದ ರಬ್ಬರ್ ತುಂಡು ಇಟ್ಟು, ಶೀಟು ಅದಕ್ಕೆ ತಾಗುವಷ್ಟೇ ಬಿಗಿ ಮಾಡಿ. 20 ಮಿ.ಮೀ. ಅಗಲ, 3 ದಪ್ಪ ಅಂದರೆ ಒಂದು ಕಿಟಕಿಗೆ ಸುಮಾರು 160 ಮಿ.ಲೀ. ಮೂರಕ್ಕೆ 300 ಮಿ.ಲೀ.ಯ ಎರಡು ಟ್ಯೂಬ್. ಒಣಗಿದ ಮೇಲೆ ಸ್ಕ್ರೂ ತಿರುಗಿಸಬೇಡಿ, ಅಂಟು ಹರೀತದೆ.

ತೂತು ಹಾಕಿದ ಮೇಲೆ ಏನು ಬಂತು ಅಂತ ಇಲ್ಲೇ ತಿಳಿಸಿ.

ಮುರ್ಡೇಶ್ವರ: ಇದು ಬಂದಿದೆ ನೋಡಿ, ಫಾರ್ವರ್ಡ್: "ಪೆಟ್ರೋಲಿನಲ್ಲಿ ಥರ್ಮಾಕೋಲ್ ಕರಗಿಸಿ ಹಚ್ಚಿ, ಜನ್ಮದಲ್ಲಿ ಸೋರುವುದಿಲ್ಲ."

ಮೇಸ್ತ್ರಿ: ದಯವಿಟ್ಟು ಮುಂದೆ ಕಳಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕ್ಯಾಬಿನ್ನಿಂದ ಇಳಿದು ಬಿಲ್ಜಿನಲ್ಲಿ ನಿಲ್ತದೆ. ಸ್ಟಾರ್ಟರಿನ ಒಂದು ಕಿಡಿ ಸಾಕು. ಒಣಗಿದ ಮೇಲೆ ಉಳಿಯುವುದು ಪೆಡಸು ಪ್ಲಾಸ್ಟಿಕ್ ಪೊರೆ, ಬೋಟು ಅಲುಗಿದ ಕೂಡಲೇ ಒಡೀತದೆ.

ಬೇಲೇಕೇರಿ: ಎಂ-ಸೀಲ್ ಹಾಕಬಹುದಾ?

ಮೇಸ್ತ್ರಿ: ಕಿಟಕಿಗೆ ಬೇಡ. ಕಲ್ಲಿನಂತೆ ಗಟ್ಟಿ ಆಗ್ತದೆ, ಎಳೆತಕ್ಕೆ ಬಗ್ಗುವುದಿಲ್ಲ.

ಶಿರಸಿ: ನಮ್ಮ ಮನೆ ಅಂಗಳಕ್ಕೆ ಪಾಲಿಕಾರ್ಬೊನೇಟ್ ಶೀಟ್ ಹೊದೆಸಿದ್ದೇವೆ, ಸ್ಕ್ರೂ ಹತ್ತಿರ ಸೋರ್ತದೆ. ಮಳೆ ಹಿಡಿಯುವ ಮೊದಲು ಏನು ಹಚ್ಚಲಿ?

ಅಂಕೋಲಾ: ಇಷ್ಟೆಲ್ಲ ರಗಳೆ ಎಂತಕ್ಕೆ? ಬ್ಯೂಟೈಲ್ ಟೇಪ್ (ಅಂಟುವ ಮೆತ್ತನೆ ರಬ್ಬರ್ ಪಟ್ಟಿ) ಸುತ್ತಿ ಸ್ಕ್ರೂ ಬಿಗಿದರೆ ಮುಗೀತು. ಒಣಗಲಿಕ್ಕೆ ಕಾಯೂದಿಲ್ಲ, ಬೇಕಾದಾಗ ಬಿಚ್ಚಬಹುದು.

ಕಾರವಾರ, ಎಂಜಿನ್ ಮೆಕ್ಯಾನಿಕ್: ಬ್ಯೂಟೈಲ್ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಕೆಳಗಿಳೀತದೆ ಅಣ್ಣ. ಸರಿಯಾಗಿ ತಿಳ್ಕೊಂಡು ಹೇಳಿ.

ಅಂಕೋಲಾ: ಇಳಿಯೂದು ಅಗ್ಗದ ಡಾಂಬರು ಟೇಪು. ಬ್ಯೂಟೈಲ್ ಬೇರೆ, ಅದು ಬೇರೆ. ಎಂಜಿನ್ ನೋಡುವವರು ಎಂಜಿನ್ ನೋಡಿ.

ಕಾರವಾರ, ಎಂಜಿನ್ ಮೆಕ್ಯಾನಿಕ್: ಡೀಸೆಲ್ ಪೆಟ್ರೋಲ್ ತಾಗಿದರೆ ಬ್ಯೂಟೈಲ್ ಅಂಟಂಟು ಗಂಜಿ ಆಗ್ತದೆ, ಅದು ಎಂಜಿನ್ ನೋಡುವವನಿಗೇ ಗೊತ್ತಿರೂದು.

ಅಂಕೋಲಾ: ಕಿಟಕಿಗೆ ಡೀಸೆಲ್ ಯಾರು ಹೊಯ್ತಾರೆ ಮಾರಾಯ?

ಮೇಸ್ತ್ರಿ: ಟೇಪು ನೀರು ತಡೀತದೆ, ಶೀಟು ಹಿಡಿಯುವುದಿಲ್ಲ. ಹೊರಗಿಂದ ಒತ್ತುವ ಗಟ್ಟಿ ಫ್ರೇಮ್ ಇದ್ದರೆ ಬ್ಯೂಟೈಲ್ ಒಳ್ಳೆಯದೇ. ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬರಬೇಕು, ಒಂದೇ ಸಲ ಬಿಗಿದರೆ ಫ್ರೇಮ್ ಬಾಗ್ತದೆ. ಹೊನ್ನಾವರದವರಿಗೆ ಫ್ರೇಮೇ ಇಲ್ಲ. ಅವರಿಗೆ ಬೇಡ.

ಅಂಕೋಲಾ: ನಾನು ಫ್ರೇಮ್ ಇದ್ದವರಿಗೇ ಹೇಳಿದ್ದು.

ಕಾರವಾರ, ಎಂಜಿನ್ ಮೆಕ್ಯಾನಿಕ್: ಎಲ್ಲಿ ಹೇಳಿದ್ದಿ? ಮೇಲೆ ಹೋಗಿ ಓದು.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಪ್ರಶ್ನೆ ಕೇಳುವವರಿಗೆ ಜಾಗ ಬಿಡಿ.

ಭಟ್ಕಳ: ಪಿಯು ತೇವದಿಂದಲೇ ಒಣಗ್ತದಂತೆ. ಹಾಗಾದ್ರೆ ಜೂನ್ ಮಳೆಯಲ್ಲೂ ಹಚ್ಚಬಹುದಲ್ಲ?

ಮೇಸ್ತ್ರಿ: ಗಾಳಿಯ ತೇವ ಸಾಕು, ಮೇಲ್ಮೈ ಒಣಗಿಯೇ ಇರಬೇಕು. ಒದ್ದೆ ಮೇಲೆ ಹಚ್ಚಿದರೆ ಗುಳ್ಳೆ ಏಳ್ತದೆ, ಅಂಟುವುದಿಲ್ಲ. ಸ್ಟೀಲ್ ಕ್ಯಾಬಿನ್ನಿಗೆ ಬೆಳಗಿನ ಹೊತ್ತು ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಕೂತಿರ್ತದೆ, ಟಿಶ್ಯೂ ಒತ್ತಿ ನೋಡಿ. ತಾಡಪಾಲು ಕಟ್ಟಿ, ಮಧ್ಯಾಹ್ನದ ಮೇಲೆ ಕೆಲಸ ಹಿಡಿಯಿರಿ. ಮೊದಲ ದಿನಕ್ಕೆ ಸುಮಾರು 3 ಮಿ.ಮೀ. ಆಳ ಒಣಗ್ತದೆ.

ಬೈತಖೋಲ, ಟ್ರಾಲರ್ ಮಾಲೀಕ: ಪಿಯು ನುಣುಪು ಮಾಡಲಿಕ್ಕೆ ಬೆರಳನ್ನು ಸ್ಪಿರಿಟಲ್ಲಿ ಅದ್ದಬಹುದಾ?

ಮೇಸ್ತ್ರಿ: ಬೇಡ. ಸ್ಪಿರಿಟ್ ತಾಗಿದ ಹಸಿ ಪಿಯು ಒಣಗದೆ ಅಂಟಂಟಾಗೇ ಉಳೀತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಸೀಲಂಟ್ ಹಸಿ ಇರುವಾಗಲೇ ಟೇಪ್ ಎಳೆಯಿರಿ.

ಕುಮಟಾ: ಅಕ್ರಿಲಿಕ್ ಕಿಟಕಿ ಥಿನ್ನರಲ್ಲಿ ಒರೆಸಿ ಸಿಲಿಕಾನ್ ಹಚ್ಚಬಹುದಾ ಸರ್?

ಮೇಸ್ತ್ರಿ: ಮೇಲೆ ಓದಿ.

ಕುಮಟಾ: ಹೌದು ಇಲ್ಲ ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು?

ಮೇಸ್ತ್ರಿ: ಥಿನ್ನರ್ ಬೇಡ, ಅಸಿಟೋನ್ ಬೇಡ. ಸೋಪಿನ ನೀರು. ಇದನ್ನೇ ಬರೆಯುವುದು ಮೂರನೇ ಸಲ.

ಮುರ್ಡೇಶ್ವರ: ಇನ್ನೊಂದು ಬಂದಿದೆ, ಗೇರು ಸಿಪ್ಪೆ ಎಣ್ಣೆಗೆ ಸಿಮೆಂಟ್ ಕಲಸಿ...

ಮೇಸ್ತ್ರಿ: ಆ ಎಣ್ಣೆ ಮರದ ದೋಣಿಯ ಮೈಗೆ. ಗಾಜಿಗೂ ಪ್ಲಾಸ್ಟಿಕ್ಕಿಗೂ ಅಲ್ಲ. ಫಾರ್ವರ್ಡ್ ನಿಲ್ಲಿಸಿ, ಕೈ ಮುಗಿದು ಕೇಳ್ತೇನೆ.

ಶಿರಸಿ: ನನ್ನ ಅಂಗಳದ ಪ್ರಶ್ನೆಗೆ ಯಾರೂ ಹೇಳಲಿಲ್ಲ.

ಹೊನ್ನಾವರ, ಪ್ರವಾಸಿ ಬೋಟಿನವರು: ಮೇನ್ ಆಫ್ ಮಾಡಿದ್ವಿ, ಪಂಪಿನ ಲೈನ್ ಬೇರೆ ಇದೆ. ನಾಲ್ಕು ತೂತು ಹಾಕಿದ್ವಿ. ಕಿಟಕಿ ಮೇಲಿನ ಎರಡರಲ್ಲಿ ಒಣ ಹೊಟ್ಟು. ಕೆಳಗಿನ ಎರಡರಲ್ಲಿ ಕಪ್ಪು, ಹುಳಿ ವಾಸನೆ. ಒಂದರಿಂದ ನೀರು ಇಳೀತಾ ಇದೆ, ನಿಂತಿಲ್ಲ.

ಮೇಸ್ತ್ರಿ: ನೀರು ಇಳಿಯಲಿ, ತೂತು ಮುಚ್ಚಬೇಡಿ. ಬೋಟು ಓಡಿಸಬೇಡಿ, ಜನ ಹತ್ತಿಸಬೇಡಿ. ಪ್ಯಾನೆಲ್ ದಿಕ್ಕಿಗೆ 100 ಮಿ.ಮೀ.ಗೊಂದರಂತೆ ಒಣ ಹೊಟ್ಟು ಸಿಗುವವರೆಗೆ ತೂತು ಹಾಕ್ತಾ ಹೋಗಿ. ಪ್ಯಾನೆಲ್ ಬಿಚ್ಚಿ, ತಂತಿ ಸರಿಸಿದ ಮೇಲೆಯೇ ಅದರ ಹತ್ತಿರ ಡ್ರಿಲ್ ಹಿಡಿಯಿರಿ. ಎಲ್ಲಿಗೆ ನಿಂತಿತು ಅಂತ ಅಳತೆ ಹಾಕಿ. ಅಷ್ಟು ಅಗಲಕ್ಕೆ ಒಳಪದರ ಕೊಯ್ದು ಮರ ಬದಲಿಸಬೇಕು.