ಆಫೀಸ್ ಪ್ರಯಾಣದ ಜೊತೆಗೆ ಅಕ್ಕನ ಮನೆ, ಒಂದಿಷ್ಟು ಸುತ್ತಾಟ: ಟಿಕೆಟ್, ಬಿಲ್ಲು, ವಿಮೆ ಹೇಗೆ?

ಪ್ರಶ್ನೆ

ಮುಂದಿನ ತಿಂಗಳು ಹೊರದೇಶದಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಆಫೀಸಿನ ಸಭೆಗಳಿವೆ. ಅದೇ ದೇಶದ ಇನ್ನೊಂದು ಊರಲ್ಲಿ ಅಕ್ಕ-ಭಾವ ಇದ್ದಾರೆ, ಸಭೆಯ ಊರಿಂದ ರೈಲಿನಲ್ಲಿ ನಾಲ್ಕು ಗಂಟೆ. ದಾರಿಯಲ್ಲಿ ನೋಡಲೇಬೇಕಾದ ಹಳೇ ಪಟ್ಟಣವೊಂದಿದೆ. ಶುಕ್ರವಾರ ರಜೆ ಹಾಕಿದರೆ ಭಾನುವಾರದವರೆಗೆ ಸಮಯ ಸಿಗುತ್ತದೆ. ಅಕ್ಕನ ಊರಲ್ಲೂ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಟಿಕೆಟ್ ಮಾಡಿಸುವುದು ಕಂಪನಿ. ವಾಪಸ್ ಟಿಕೆಟನ್ನು ಅಕ್ಕನ ಊರಿಂದಲೇ ಕೇಳಬಹುದೇ? ಸ್ವಂತ ಖರ್ಚನ್ನು ಬೇರ್ಪಡಿಸುವುದು ಹೇಗೆ? ಅಕ್ಕನ ಮನೆಗೆ ಸಭೆಗೆ ಮುಂಚೆ ಹೋಗುವುದು ಒಳ್ಳೆಯದೋ, ಆಮೇಲೋ?

ಉತ್ತರ 1

ಧಾರಾಳವಾಗಿ ಕೇಳಬಹುದು. ಒಂದು ಊರಿಗೆ ಹೋಗಿ ಇನ್ನೊಂದು ಊರಿಂದ ಮರಳುವ ಇಂಥ ಟಿಕೆಟ್‌ಗೆ ಓಪನ್-ಜಾ ಎನ್ನುತ್ತಾರೆ. ಬುಕಿಂಗ್ ತಾಣಗಳಲ್ಲಿ 'ಮಲ್ಟಿ-ಸಿಟಿ' ಆಯ್ಕೆಯಲ್ಲಿ ಸಿಗುತ್ತದೆ. ಎರಡು ಒನ್-ವೇ ಟಿಕೆಟ್ ಕೊಳ್ಳುವ ಮೊದಲು ಇದರ ದರ ನೋಡಿ. ದೂರದ ವಿಮಾನಗಳಲ್ಲಿ ಒನ್-ವೇ ದರ ಹಲವು ಬಾರಿ ರಿಟರ್ನ್ ದರದ ಅರ್ಧಕ್ಕಿಂತ ಬಹಳ ಹೆಚ್ಚಿರುತ್ತದೆ.

ಎಡವುವುದು ಇಲ್ಲಿ: ಸಭೆಯ ಊರಿಂದ ಹೊರಟು ಅಕ್ಕನ ಊರಲ್ಲಿ ವಿಮಾನ ಬದಲಿಸಿ ಬರುವ ರಿಟರ್ನ್ ಟಿಕೆಟ್ ಇದ್ದರೆ, 'ಹೇಗೂ ಅಲ್ಲೇ ಇರುತ್ತೇನೆ, ಅಲ್ಲಿಂದಲೇ ಹತ್ತಿಕೊಳ್ಳುತ್ತೇನೆ' ಎನ್ನುವಂತಿಲ್ಲ. ಮೊದಲ ಹಂತಕ್ಕೆ ನೀವು ಬರದಿದ್ದರೆ ಸಾಮಾನ್ಯವಾಗಿ ಅದೇ ಟಿಕೆಟ್‌ನ ಉಳಿದ ಹಂತಗಳೆಲ್ಲ ರದ್ದಾಗುತ್ತವೆ. ಟಿಕೆಟ್ ಮಾಡಿಸುವಾಗಲೇ ಅಕ್ಕನ ಊರನ್ನು ಹೊರಡುವ ಸ್ಥಳವಾಗಿ ಹಾಕಿಸಿ.

ವೀಸಾದಲ್ಲಿ ಮೂರು ವಿಷಯ ನೋಡಿ: ಭಾನುವಾರ ದಾಟುವವರೆಗೆ ಅವಧಿ ಇದೆಯೇ, ಒಂದೇ ಪ್ರವೇಶದ್ದೋ ಹಲವು ಪ್ರವೇಶದ್ದೋ, ಯಾವ ಉದ್ದೇಶಕ್ಕೆ ಕೊಟ್ಟದ್ದು. ಪ್ರವಾಸಿ ವೀಸಾದಲ್ಲಿ ಸಭೆಗೆ ಹೋಗಲು ಎಷ್ಟೋ ದೇಶಗಳು ಬಿಡುವುದಿಲ್ಲ. ಕಂಪನಿಯ ಪತ್ರದಲ್ಲಿ ಗುರುವಾರದವರೆಗೆ ಎಂದಿದ್ದು ಟಿಕೆಟ್ ಭಾನುವಾರದ್ದಾದರೆ ಗಡಿಯಲ್ಲಿ ಪ್ರಶ್ನೆ ಬರುತ್ತದೆ. 'ನಂತರ ಮೂರು ದಿನ ಸ್ವಂತ ಖರ್ಚಿನಲ್ಲಿ ರಜೆ' ಎಂಬ ಸಾಲು ಪತ್ರದಲ್ಲೇ ಇರಲಿ. ಅಕ್ಕನ ಪೂರ್ತಿ ವಿಳಾಸ, ಫೋನ್ ನಂಬರ್ ಕಾಗದದ ಮೇಲೆ ಬರೆದು ಕೈಯಲ್ಲಿರಲಿ.

ಉತ್ತರ 2

ಲೆಕ್ಕದ ಬಗ್ಗೆ ಹೇಳುತ್ತೇನೆ, ಮನಸ್ತಾಪ ಹುಟ್ಟುವುದೇ ಅಲ್ಲಿ.

ಟಿಕೆಟ್‌ಗೆ ಮುಂಚೆ ಮ್ಯಾನೇಜರ್‌ಗೆ ಒಂದು ಮೇಲ್ ಕಳಿಸಿ: ಕೆಲಸದ ದಿನಗಳು ಯಾವುವು, ಸ್ವಂತದ ದಿನಗಳು ಯಾವುವು, ವಾಪಸ್ ಎಲ್ಲಿಂದ. ಬಾಯಿಮಾತಿನ ಒಪ್ಪಿಗೆ ಸಾಲದು, ಉತ್ತರ ಬರಹದಲ್ಲಿರಲಿ. ಆಮೇಲೆ ಒಂದೇ ದಿನ, ಒಂದೇ ಹೊತ್ತಿನಲ್ಲಿ, ಒಂದೇ ದರ್ಜೆಯಲ್ಲಿ ಎರಡು ದರ ಹುಡುಕಿ. ಮೊದಲನೆಯದು ಬರೀ ಕೆಲಸಕ್ಕೆ ಹೋಗಿ ಬರುವ ಟಿಕೆಟ್, ಎರಡನೆಯದು ನಿಮಗೆ ಬೇಕಾದ್ದು. ದಿನಾಂಕ ಕಾಣುವಂತೆ ಎರಡನ್ನೂ ಉಳಿಸಿಕೊಳ್ಳಿ. ಎರಡನೆಯದು ದುಬಾರಿಯಾದರೆ ವ್ಯತ್ಯಾಸ ನಿಮ್ಮದು. ಅಗ್ಗವಾದರೆ ಉಳಿದ ಹಣ ಕಂಪನಿಯದು, ಅದನ್ನು ಹೋಟೆಲಿಗೆ ಹೊಂದಿಸಿಕೊಳ್ಳಲು ಹೋಗಬೇಡಿ. ವಾರ ಕಳೆದ ಮೇಲೆ ತೆಗೆದ ಹೋಲಿಕೆ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟರಲ್ಲಿ ದರ ಬದಲಾಗಿರುತ್ತದೆ.

ಗುರುವಾರ ರಾತ್ರಿಯ ಹೋಟೆಲ್ ಖರ್ಚು ಯಾರದೆಂದು ಮೊದಲೇ ಕೇಳಿ. ಸಭೆ ಸಂಜೆ ಮುಗಿದು ಅಂದೇ ವಿಮಾನ ಇಲ್ಲದಿದ್ದರೆ ಎಷ್ಟೋ ಕಂಪನಿಗಳು ಆ ರಾತ್ರಿಯನ್ನು ಕೆಲಸಕ್ಕೇ ಸೇರಿಸುತ್ತವೆ. ಸ್ವಂತಕ್ಕೆ ಒಂದು ರಾತ್ರಿ ಅದೇ ಹೋಟೆಲಿನಲ್ಲಿ ಉಳಿಯುವುದಾದರೆ ಬೇರೆಯೇ ಬುಕಿಂಗ್ ಮಾಡಿ. ಕೋಣೆ ಬದಲಿಸಬೇಡಿ ಎಂದು ಕೌಂಟರಿನಲ್ಲಿ ಹೇಳಿದರೆ ಸಾಕು, ಬಿಲ್ಲು ಮಾತ್ರ ಎರಡಾಗುತ್ತದೆ. ಬಾಡಿಗೆ ಕಾರು ತೆಗೆದುಕೊಂಡರೂ ಹೀಗೆಯೇ: ಆಫೀಸಿನ ಕರಾರು ಗುರುವಾರ ಮುಗಿಸಿ, ಶುಕ್ರವಾರದಿಂದ ನಿಮ್ಮ ಹೆಸರಲ್ಲಿ ಹೊಸದು. ಭಾವ ಓಡಿಸುವುದಾದರೆ ಅವರ ಹೆಸರೂ ಕರಾರಿನಲ್ಲಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಸಿಗದೇ ಹೋಗಬಹುದು.

ಕಂಪನಿಯ ಪ್ರಯಾಣ ವಿಮೆ ರಜೆಯ ದಿನಗಳಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಪಾಲಿಸಿಯ ಪ್ರತಿ ಕೇಳಿ, ಯಾವ ಗಂಟೆಗೆ ಮುಗಿಯುತ್ತದೆ ಎಂದು ಓದಿ. ಸ್ವಂತ ವಿಮೆಯನ್ನು ದೇಶ ಬಿಡುವ ಮುನ್ನವೇ ಕೊಳ್ಳಿ, ಪ್ರಯಾಣ ಶುರುವಾದ ಮೇಲೆ ಹಲವು ವಿಮಾ ಕಂಪನಿಗಳು ಕೊಡುವುದಿಲ್ಲ.

ಉತ್ತರ 3

ಅಕ್ಕನ ಮನೆ ಸಭೆ ಮುಗಿದ ಮೇಲೇ ಇರಲಿ. ಮುಂಚೆ ಹೋದರೆ ರೈಲು ತಡವಾದರೂ, ಹೊಟ್ಟೆ ಕೆಟ್ಟರೂ ಪೆಟ್ಟು ಬೀಳುವುದು ಸಭೆಗೆ. ಮನೆಯವರ ಜೊತೆ ಕೂತಾಗಲೂ ತಲೆಯಲ್ಲಿ ಕೆಲಸವೇ ಓಡುತ್ತಿರುತ್ತದೆ. ಸಮಯದ ಅಂತರ ನಾಲ್ಕೈದು ಗಂಟೆಗಿಂತ ಹೆಚ್ಚಿದ್ದರೆ ಭಾನುವಾರವೇ ತಲುಪಿ, ಸೋಮವಾರ ಹಗಲು ಬೆಳಕಿನಲ್ಲಿ ನಡೆದಾಡಿ. ದೇಹ ಹೊಂದಿಕೊಳ್ಳಲು ಗಂಟೆಗೆ ಸುಮಾರು ಒಂದು ದಿನ ಬೇಕು ಎಂಬುದು ಸಾಮಾನ್ಯ ಅಂದಾಜು.

ಹಳೇ ಪಟ್ಟಣಕ್ಕೆ ಶುಕ್ರವಾರ ಬೆಳಿಗ್ಗೆ ಹೊರಡಿ. ಮೊದಲು ತಿಳಿಯಬೇಕಾದ್ದು ಲಗೇಜ್ ಇಡುವ ಜಾಗ. ಎಲ್ಲ ನಿಲ್ದಾಣಗಳಲ್ಲೂ ಲಾಕರ್ ಇರುವುದಿಲ್ಲ, ಇದ್ದರೂ ದೊಡ್ಡ ಸೂಟ್‌ಕೇಸ್ ಹಿಡಿಸದಿರಬಹುದು. ರೈಲು ಟಿಕೆಟ್ ನಡುವೆ ಇಳಿದು ಮತ್ತೆ ಹತ್ತಲು ಬಿಡುತ್ತದೆಯೇ ನೋಡಿ. ನಿಗದಿತ ರೈಲಿನ ಅಗ್ಗದ ಟಿಕೆಟ್‌ಗಳು ಹೆಚ್ಚಾಗಿ ಬಿಡುವುದಿಲ್ಲ, ಆಗ ಎರಡು ತುಂಡಾಗಿ ಕೊಳ್ಳಬೇಕು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಅಲ್ಲ. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಪವರ್ ಬ್ಯಾಂಕ್ ಮೇಲೆ ಬರೆದಿರುವ ಮಿಲಿಆಂಪ್-ಅವರ್ (mAh) ಅನ್ನು 3.7ರಿಂದ (ಒಳಗಿನ ಬ್ಯಾಟರಿಯ ಸಾಮಾನ್ಯ ವೋಲ್ಟೇಜ್) ಗುಣಿಸಿ 1000ದಿಂದ ಭಾಗಿಸಿ: 20,000ದ್ದು 74 ವ್ಯಾಟ್-ಅವರ್ ಆಗುತ್ತದೆ. ಅಕ್ಕ ಕಟ್ಟಿಕೊಡುವ ಎಣ್ಣೆ, ಪೇಸ್ಟಿನಂಥವು ಪೆಟ್ಟಿಗೆಗೆ ಹೋಗಲಿ. ಕೈಚೀಲಕ್ಕೆ 100 ಮಿಲಿಲೀಟರ್ ಮಿತಿ ಇರುವ ಕಡೆ ನೋಡುವುದು ಬಾಟಲಿಯ ಗಾತ್ರವನ್ನು, ಒಳಗೆ ಎಷ್ಟು ಉಳಿದಿದೆ ಎಂಬುದನ್ನಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂದೇಹ: ಶುಕ್ರವಾರ ರಜೆ ಹಾಕದೆ ಅಕ್ಕನ ಮನೆಯಿಂದಲೇ ಲಾಗಿನ್ ಆದರೆ ಆಗುತ್ತದೆಯೇ?

ಉತ್ತರ 2

ರಜೆಯನ್ನೇ ಹಾಕಿ. ಸಭೆಗೆಂದು ಕೊಟ್ಟ ವೀಸಾದಲ್ಲಿ ಮನೆಯೊಂದರಲ್ಲಿ ಕೂತು ದಿನದ ಕೆಲಸ ಮಾಡುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ, ತೆರಿಗೆಯ ಪ್ರಶ್ನೆಯೂ ಏಳಬಹುದು. ಮಾಡಲೇಬೇಕೆಂದರೆ ಎಚ್‌ಆರ್ ಮತ್ತು ಐಟಿ ವಿಭಾಗಗಳಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಆಫೀಸ್ ಲ್ಯಾಪ್‌ಟಾಪನ್ನು ವಿಪಿಎನ್ (ಆಫೀಸಿನ ಜಾಲಕ್ಕೆ ಗೂಢಲಿಪಿಯ ಸುರಕ್ಷಿತ ಸಂಪರ್ಕ) ಇಲ್ಲದೆ ಮನೆಯ ವೈಫೈಗೆ ಜೋಡಿಸಬೇಡಿ, ಮಕ್ಕಳ ಕೈಗೂ ಕೊಡಬೇಡಿ. ರಜೆ ಹಾಕುವುದಾದರೆ ಈಗಲೇ ಹಾಕಿ, ಸಭೆಯ ಆಹ್ವಾನ ಶುಕ್ರವಾರಕ್ಕೂ ಹಬ್ಬುವ ಮೊದಲು ಕ್ಯಾಲೆಂಡರ್‌ನಲ್ಲಿ ಆ ದಿನ ಮುಚ್ಚಿರಲಿ.