ಪದಚರ್ಚೆ: ‘ಟ್ರಿಗರ್’ ಎಂಬುದಕ್ಕೆ ಕನ್ನಡ – ಕಾರಣವೋ, ನಿಮಿತ್ತವೋ, ನೆಪವೋ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಮೂರ್ಛೆರೋಗದ ಬಗ್ಗೆ ತಂದೆತಾಯಿಗಳಿಗೆ ಹಂಚುವ ಎಂಟು ಪುಟದ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ದುರ್ಗಿಗುಡಿಯ ಮುದ್ರಣಾಲಯಕ್ಕೆ ಕೊಡಬೇಕಾಗಿದೆ. ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಬಗೆಯ ಮೂರ್ಛೆರೋಗದ ಭಾಗದಲ್ಲಿ ‘ಟ್ರಿಗರ್’ ಎಂಬ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ.

ಆ ಪದ ಬರುವ ಸಂದರ್ಭ ಹೀಗಿದೆ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ, ಲಸಿಕೆಯಿಂದ ಮಗುವಿಗೆ ಹಾನಿಯಾಯಿತು ಎನ್ನುವವರು ತಯಾರಕರ ತಪ್ಪನ್ನು ಸಾಬೀತು ಮಾಡದೆಯೇ ಸರ್ಕಾರಿ ನಿಧಿಯಿಂದ ಪರಿಹಾರ ಕೇಳಬಹುದು. ನಾಯಿಕೆಮ್ಮಿನ ಲಸಿಕೆಯ ಬೆನ್ನಿಗೇ ಮೊದಲ ಫಿಟ್ಸ್ ಬಂದ ಮಕ್ಕಳ ಪರವಾಗಿ ಹಾಕಿದ ಅರ್ಜಿಗಳಲ್ಲಿ, ಮಗುವಿಗೆ ಡ್ರಾವೆಗೆ ಕಾರಣವಾಗುವ ಎಸ್‌ಸಿಎನ್‌1ಎ ಎಂಬ ಜೀನಿನ ದೋಷವಿದೆಯೆಂದು ಆಮೇಲೆ ತಿಳಿದುಬಂದ ಕೆಲವನ್ನು ಅಲ್ಲಿನ ನ್ಯಾಯಾಧಿಕಾರಿಗಳು ತಳ್ಳಿಹಾಕಿದರು, ಮೇಲ್ಮನವಿ ನ್ಯಾಯಾಲಯವೂ 2012ರಲ್ಲಿ ಅದನ್ನು ಎತ್ತಿಹಿಡಿಯಿತು. ಲಸಿಕೆ ತಂದ ಜ್ವರ ಮೊದಲ ಫಿಟ್ಸ್‌ಗೆ ‘ಟ್ರಿಗರ್’ ಆಗಿರಬಹುದು, ಆದರೆ ರೋಗಕ್ಕೆ ಕಾರಣ ಜೀನು ಎಂಬುದು ಆ ತೀರ್ಪುಗಳ ತಿರುಳು.

ನಾನು ‘ಪ್ರಚೋದಕ’ ಎಂದು ಬರೆದಿದ್ದೆ. ಕರಡನ್ನು ಓದಿದ ರಿಪ್ಪನ್‌ಪೇಟೆಯ ತಾಯಿಯೊಬ್ಬರು, “ಪ್ರಚೋದನೆ ಕೊಟ್ಟಿದ್ದು ಲಸಿಕೆ ಅಂದ್ಮೇಲೆ ಮಾಡಿದ್ದೂ ಲಸಿಕೆಯೇ ಆಯ್ತಲ್ಲ?” ಎಂದರು. ಅವರ ನಾಲ್ಕು ವರ್ಷದ ಮಗಳಿಗೂ ಇದೇ ರೋಗ, ಮೊದಲ ಫಿಟ್ಸ್ ಬಂದದ್ದು ಚುಚ್ಚುಮದ್ದು ಹಾಕಿಸಿದ ರಾತ್ರಿ. ನನಗೆ ಉತ್ತರ ಹೊಳೆಯಲಿಲ್ಲ.

ಸಾಗರದಿಂದ:

‘ಪ್ರಚೋದಕ’ ಪುಸ್ತಕದ ಮಾತು, ಬಿಡಿ. ಸಾವಿಗೊಂದು ನೆಪ ಎನ್ನುತ್ತೇವಲ್ಲ, ಆ ‘ನೆಪ’ ಸಾಕು. ‘ಪರಿಹಾರ’ವೂ ಬೇಡ. ಅದರ ಮೂಲಾರ್ಥ ತೊಡೆದುಹಾಕುವುದು ಎಂದು, ರೋಗಪರಿಹಾರ ಎಂದರೆ ರೋಗ ವಾಸಿಯಾಗುವುದು ಎಂದೇ ಅರ್ಥ. ‘ತೆರು’ ಎಂಬ ನಮ್ಮದೇ ಧಾತು ಇರುವಾಗ ‘ತೆರ’ ಎಂದು ಬರೆಯಲು ಏನು ಅಡ್ಡಿ? ಸಂಸ್ಕೃತದ ಹಂಗಿಲ್ಲದೆ ಕಾನೂನು ಬರೆಯುವ ಧೈರ್ಯ ನಮ್ಮವರಿಗೆ ಇನ್ನೂ ಬಂದಿಲ್ಲ.

ತೀರ್ಥಹಳ್ಳಿಯಿಂದ:

ಸಾಗರದ ಹಿರಿಯರ ಎರಡು ಸಲಹೆಗಳನ್ನೂ ನಾನು ಒಪ್ಪುವುದಿಲ್ಲ. ‘ತೆರ’ ಎಂದರೆ ಹಳ್ಳಿಗಳಲ್ಲಿ ಹೆಣ್ಣಿನ ಕಡೆಯವರಿಗೆ ಮದುವೆಯಲ್ಲಿ ಕೊಡುತ್ತಿದ್ದ ಹಣ. ಅದನ್ನು ಕಾಯಿಲೆಯ ಮಗುವಿನ ಅರ್ಜಿಗೆ ತಂದು ಕಟ್ಟಬೇಡಿ. ಅರ್ಜಿ, ವಕೀಲ, ದಾವೆ, ಜಾಮೀನು ಇವೆಲ್ಲ ಅರಬ್ಬಿ, ಪಾರಸಿಯಿಂದ ಬಂದು ನಮ್ಮ ಕೋರ್ಟಿನಲ್ಲಿ ನೆಲೆ ನಿಂತಿವೆ. ಅವುಗಳಿಗೆ ಇಲ್ಲದ ಬಹಿಷ್ಕಾರ, ಶರಾವತಿಯ ಮುಳುಗಡೆಯ ಕಾಲದಿಂದ ಈ ಜಿಲ್ಲೆಯ ಮನೆಮನೆಯಲ್ಲೂ ಆಡಿದ ‘ಪರಿಹಾರ’ಕ್ಕೆ ಏಕೆ? ಗೊಂದಲವಾಗುವ ಕಡೆ ‘ಹಾನಿಪರಿಹಾರ’ ಎಂದರೆ ಮುಗಿಯಿತು.

‘ನೆಪ’ದ ತೊಡಕು ಇನ್ನೂ ದೊಡ್ಡದು. ಹೊಟ್ಟೆನೋವಿನ ನೆಪ ಹೇಳಿ ಶಾಲೆ ತಪ್ಪಿಸಿದ ಎನ್ನುವಾಗ ಹೊಟ್ಟೆನೋವು ಇರಲಿಲ್ಲ ಎಂದೇ ಅರ್ಥ. ಆದರೆ ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿನ ಮೈ ಕಾದದ್ದೂ, ಒಂದೇ ಮಗ್ಗುಲಿನ ಕೈಕಾಲು ಅರ್ಧ ಗಂಟೆ ಬಿಡದೆ ಅದುರಿದ್ದೂ ಆ ತಾಯಿ ಕಣ್ಣಾರೆ ಕಂಡ ಸತ್ಯ. ಅದನ್ನು ನೆಪ ಎಂದು ಅಚ್ಚು ಹಾಕಿದರೆ ಅವರು ಸುಳ್ಳು ಹೇಳಿದರೆಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ.

‘ನಿಮಿತ್ತ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ ಎಂದು ತರ್ಕಶಾಸ್ತ್ರದಲ್ಲಿ ಕಲಿಸುತ್ತಾರೆ. ಅಂದರೆ ನಿಮಿತ್ತವೂ ಒಂದು ಬಗೆಯ ಕಾರಣವೇ, ಏಕೆಂದರೆ ಕುಂಬಾರನಿಲ್ಲದೆ ಮಡಕೆಯಿಲ್ಲ. ಇಲ್ಲಿಯ ಸಂಗತಿ ಹಾಗಲ್ಲ. ಈ ಜೀನು ಮೆದುಳಿನ ನರಕೋಶಗಳಲ್ಲಿ ಸೋಡಿಯಂ ಹಾಯುವ ದಾರಿಯನ್ನು ಕಟ್ಟಿಕೊಡುವಂಥದ್ದು. ಅದು ಕೆಟ್ಟಿರುವ ಮಗುವಿಗೆ ಆ ದಿನದ ಜ್ವರ ಬಾರದಿದ್ದರೂ ಮುಂದಿನ ನೆಗಡಿಯ ಜ್ವರವೋ, ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನವೋ ಸಾಕಾಗುತ್ತಿತ್ತು. ಲಸಿಕೆಯಿಂದ ಮೆದುಳಿಗೆ ಪೆಟ್ಟಾಗಿದೆ ಎಂದು ನಂಬಲಾಗಿದ್ದ 14 ಮಂದಿಯನ್ನು ಆಸ್ಟ್ರೇಲಿಯಾದ ವೈದ್ಯರ ತಂಡ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ 11 ಮಂದಿಗೆ ಇದೇ ಜೀನಿನ ದೋಷ ಕಂಡುಬಂದಿತ್ತು. ಲಸಿಕೆಯ ದಿನವೋ ಮರುದಿನವೋ ಮೊದಲ ಫಿಟ್ಸ್ ಬಂದವರಿಗೂ ಉಳಿದವರಿಗೂ ಮುಂದೆ ರೋಗದ ಗತಿಯಲ್ಲಿ ವ್ಯತ್ಯಾಸವಿಲ್ಲವೆಂದು 2010ರ ಅಧ್ಯಯನ ತೋರಿಸಿತು. ಈ ಎರಡನೆಯ ಮಾತು ನಿಮ್ಮ ಹೊತ್ತಗೆಗೆ ಅವಶ್ಯ, ಏಕೆಂದರೆ ಮೊದಲೇ ಇದ್ದ ರೋಗವನ್ನು ಲಸಿಕೆ ಉಲ್ಬಣಗೊಳಿಸಿದ್ದರೂ ಆ ಕಾನೂನು ಪರಿಹಾರ ಕೊಡುತ್ತದೆ. ‘ಉಲ್ಬಣ’ವನ್ನೂ ‘ಟ್ರಿಗರ್’ ಅನ್ನೂ ಒಂದೇ ಪದದಲ್ಲಿ ಹೇಳಿದರೆ ತೀರ್ಪೇ ತಲೆಕೆಳಗಾಗುತ್ತದೆ.

ಆದ್ದರಿಂದ ನಾಮಪದದ ಹುಡುಕಾಟ ಬಿಟ್ಟು ಕ್ರಿಯಾಪದ ಬಳಸಿ. ಮಲಗಿದ್ದುದನ್ನು ‘ಎಬ್ಬಿಸುವುದು’ ಎನ್ನುವಲ್ಲಿ, ಎಬ್ಬಿಸುವ ಮುಂಚೆಯೇ ಅದು ಅಲ್ಲಿತ್ತು ಎಂಬ ಅರ್ಥ ತಾನಾಗಿಯೇ ಬರುತ್ತದೆ.

ಕೇಳದಿದ್ದರೂ ಇನ್ನೊಂದು ಮಾತು. ನಿಮ್ಮ ಕರಡಿನಲ್ಲಿ ‘ಆನುವಂಶಿಕ ಮೂರ್ಛೆರೋಗ’ ಎಂದಿದ್ದರೆ ದಯವಿಟ್ಟು ತೆಗೆದುಹಾಕಿ. ಡ್ರಾವೆ ಇರುವ ಹೆಚ್ಚಿನ ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಆ ಮಗುವಿನಲ್ಲಿಯೇ ಹೊಸದಾಗಿ ಮೂಡಿದ್ದು. ಜೀನಿಗೆ ಸಂಬಂಧಿಸಿದ್ದೆಲ್ಲ ವಂಶದಿಂದ ಬಂದದ್ದೆಂದು ಆ ಪದ ಹೇಳಿಬಿಡುತ್ತದೆ. ನಮ್ಮ ಊರುಗಳಲ್ಲಿ ‘ಆ ಮನೆತನದಲ್ಲಿ ಫಿಟ್ಸ್ ಇದೆಯಂತೆ’ ಎಂಬ ಒಂದು ಮಾತಿಗೆ ಅಕ್ಕನ ಮದುವೆಯ ಮಾತುಕತೆ ನಿಂತುಹೋಗುತ್ತದೆ. ಅನುವಾದಕರು ಇದನ್ನು ಅರಿಯದೆ ಬರೆದರೂ ಆಗುವ ಕೆಡುಕು ಅದೇ.

ಸಾಗರದಿಂದ:

‘ಎಬ್ಬಿಸು’ ಕನ್ನಡವೇ, ಒಪ್ಪಿದೆ. ‘ಪರಿಹಾರ’ವನ್ನು ಒಪ್ಪಿಲ್ಲ.

ಶಿವಮೊಗ್ಗದಿಂದ:

ಇಬ್ಬರಿಗೂ ಕೃತಜ್ಞತೆಗಳು. ‘ಆನುವಂಶಿಕ’ ಕರಡಿನಲ್ಲಿ ಮೂರು ಕಡೆ ಇತ್ತು, ಮೂರನ್ನೂ ತೆಗೆದಿದ್ದೇನೆ. ಈಗಿನ ವಾಕ್ಯ ಹೀಗಿದೆ: ‘ಲಸಿಕೆಯ ನಂತರ ಬಂದ ಜ್ವರ ಮೊದಲ ಫಿಟ್ಸನ್ನು ಎಬ್ಬಿಸಿರಬಹುದು, ರೋಗಕ್ಕೆ ಕಾರಣ ಮಗುವಿನ ಜೀನಿನಲ್ಲಿ ಮೊದಲಿನಿಂದಲೇ ಇದ್ದ ದೋಷ, ಲಸಿಕೆ ಅದನ್ನು ಉಲ್ಬಣಗೊಳಿಸಿತೆಂಬುದಕ್ಕೂ ಆಧಾರ ಸಿಗದ ಕಾರಣ ಹಾನಿಪರಿಹಾರದ ಅರ್ಜಿಯನ್ನು ನ್ಯಾಯಾಲಯ ತಳ್ಳಿಹಾಕಿತು.’ ಇದನ್ನು ರಿಪ್ಪನ್‌ಪೇಟೆಯ ಆ ತಾಯಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡನೆಯ ಸಲ ಓದಲು ಹೇಳಿ ಕೇಳಿಸಿಕೊಂಡು, “ಹಾಗಾದ್ರೆ ಅವತ್ತು ಚುಚ್ಚಿಸಿದ್ದು ನನ್ನ ತಪ್ಪಲ್ಲ” ಎಂದರು. ಆಕ್ಷೇಪಗಳಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕೆಂದು ಕೋರುತ್ತೇನೆ.