ಅಪ್‌ಡೇಟ್: ಲಕ್ಸೆಂಬರ್ಗ್ ನೋಡಿ ಬಂದೆವು

ಲಕ್ಸೆಂಬರ್ಗ್‌ಗೆ ಮೂರು ದಿನ ಸಾಕಾ, ಕಾರು ಬಾಡಿಗೆಗೆ ತಗೋಬೇಕಾ ಅಂತ ಕೇಳಿದ್ದೆನಲ್ಲ? ಅಮ್ಮನನ್ನು ಕರೆದುಕೊಂಡು ಹೋಗಿ ಬಂದೆವು. ನಮಗೆ ಮೂರು ದಿನ ಸಾಕಾಯಿತು, ಕಾರು ಬೇಕಾಗಲೇ ಇಲ್ಲ. 2020ರಿಂದ ಅಲ್ಲಿ ಬಸ್ಸು, ಟ್ರಾಮ್, ರೈಲು ಎಲ್ಲ ಪುಕ್ಕಟೆ, ಹೊರಗಿನವರಿಗೂ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು. ಮೊದಲ ದಿನ ಅಮ್ಮ, ಟಿಸಿ ಬರುತ್ತಾನೇನೋ ಅಂತ ಬಾಗಿಲನ್ನೇ ನೋಡುತ್ತ ಕೂತಿದ್ದರು!

ವಿಯಾಂಡೆನ್ ಕೋಟೆಗೆ ರೈಲಿಲ್ಲ. ಎಟೆಲ್‌ಬ್ರುಕ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಏರು ಜಾಸ್ತಿ, ಮಂಡಿ ನೋವಿದ್ದರೆ ನಿಧಾನಕ್ಕೆ ಹತ್ತಿ.

ಎಡವಿದ್ದು ಒಂದೇ ಕಡೆ. ಹೋಟೆಲ್ ಅಗ್ಗ ಅಂತ ಜರ್ಮನಿಯ ಟ್ರಿಯರ್‌ನಲ್ಲಿ ಉಳಿದೆವು. ಗಡಿಯಾಚೆ ಪುಕ್ಕಟೆ ಇಲ್ಲ ಅಲ್ವಾ, ಉಳಿಸಿದ್ದರಲ್ಲಿ ಒಂದಷ್ಟು ದಿನಾ ಟಿಕೆಟ್ಟಿಗೇ ಹೋಯಿತು.